ಎಂಟು ತೂತಿನ ಮಿನುಗುತಾರೆ

ನಮ್ಮ ನಡುಮನೆಯ ಟೀವಿ ಸ್ಟ್ಯಾಂಡಿನ ಹಿಂದೆ, ಮೇಷ್ಟರು ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಹುಡುಗನ ಹಾಗೆ, ಒಂದು ಪುಟ್ಟ ಡಬ್ಬಿ ಕೂತಿದೆ. ಅಂಗೈಯಗಲ, ಎಂಟು ತೂತು, ತೂತಿಗೊಂದು ಹಸಿರು ದೀಪ. ನೆಟ್‌ವರ್ಕ್ ಸ್ವಿಚ್ಚು. ಮನೆಗೆ ಬಂದವರೆಲ್ಲ ಮೊದಲು ಕೇಳುವುದು ವೈಫೈ ಪಾಸ್‌ವರ್ಡು. ಕುಡಿಯುವ ನೀರು ಆಮೇಲೆ. ಅಪ್ಪಿತಪ್ಪಿ ಈ ಡಬ್ಬಿ ಅವರ ಕಣ್ಣಿಗೆ ಬಿದ್ದರೆ, “ಇದೆಂಥದು ಸಾರ್, ಕೇಬಲ್ಲಿನವರು ಬಿಟ್ಟುಹೋದದ್ದಾ?” ಎನ್ನುತ್ತಾರೆ. ನಾನು ಉತ್ತರಕ್ಕೆ ಬಾಯಿ ತೆರೆಯುವ ಹೊತ್ತಿಗೆ ನನ್ನ ಹೆಂಡತಿ ಕಾಫಿಗಿಡುವ ನೆಪದಲ್ಲಿ ಎದ್ದುಹೋಗಿರುತ್ತಾಳೆ. ಶುರುಮಾಡಿದರೆ ನಾನು ನಿಲ್ಲಿಸುವವನಲ್ಲ ಎಂಬುದು ಅವಳ ಮೂವತ್ತೈದು ವರ್ಷದ ಅನುಭವ.

ಈಗ ನೀವು ಸಿಕ್ಕಿದ್ದೀರಿ.

ನಾನು ಇಂಜಿನಿಯರನಲ್ಲ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದವನು. 1997ರಲ್ಲಿ ಶಾಖೆಗೆ ಕಂಪ್ಯೂಟರು ಬಂದಾಗ ಒಂದು ವಾರದ ತರಬೇತಿಗೆ ಬೆಂಗಳೂರಿಗೆ ಯಾರು ಹೋಗುವುದೆಂಬ ಪ್ರಶ್ನೆ ಎದ್ದಿತು. ಅಡಿಕೆ ಕೊಯ್ಲಿನ ಕಾಲ. ತೋಟವಿದ್ದವರೆಲ್ಲ ಲೆಡ್ಜರಿನೊಳಗೆ ತಲೆ ಹುದುಗಿಸಿದರು. ತೋಟವಿಲ್ಲದವನು ನಾನೊಬ್ಬನೇ. ಹಾಗೆ ನಾನು ನೆಟ್‌ವರ್ಕ್ ತಜ್ಞನಾದೆ.

ಆಗಿನದು ಟೀವಿ ಕೇಬಲ್ಲಿನಂಥ ಕಪ್ಪು ವೈರು. ಒಂದೇ ವೈರು ಮ್ಯಾನೇಜರ ಕೋಣೆಯಿಂದ ಹೊರಟು, ಗೋಡೆಯ ಬುಡದಲ್ಲಿ ಹಾವಿನಂತೆ ಹರಿದು, ಎಲ್ಲರ ಮೇಜಿಗೂ ಮುಖ ತೋರಿಸಿ ಕ್ಯಾಷ್ ಕೌಂಟರಿನಲ್ಲಿ ಮುಗಿಯುತ್ತಿತ್ತು. ಒಂದು ವೈರಿಗೆ 185 ಮೀಟರು, 30 ಯಂತ್ರ. ಅದಕ್ಕಿಂತ ಹೆಚ್ಚು ಕೂಡದೆಂದು ಕಟ್ಟಳೆ. ಎರಡು ತುದಿಗೂ ಟರ್ಮಿನೇಟರ್ ಎಂಬ 50 ಓಮಿನ ಪುಟ್ಟ ಟೊಪ್ಪಿ. ಅದು ಇಲ್ಲದಿದ್ದರೆ ತುದಿ ಮುಟ್ಟಿದ ಸಂಕೇತ ಗೋಡೆಗೆ ಬಡಿದ ಹಾಗೆ ಹಿಂದಿರುಗಿ, ಗೋಳಗುಮ್ಮಟದೊಳಗೆ ಶಾಲಾ ಮಕ್ಕಳ ಪ್ರವಾಸ ಹೊಕ್ಕಂತಾಗುತ್ತದೆ. ಒಂದು ಸೋಮವಾರ ಹಾಗೇ ಆಯಿತು. ಶಾಖೆ ಪೂರ್ತಿ ಸ್ತಬ್ಧ. ಅರ್ಧ ದಿನ ನಾನು ಮೇಜುಗಳ ಕೆಳಗೆ ಅಂಬೆಗಾಲಿಟ್ಟು ಹುಡುಕಿದೆ. ಮಧ್ಯಾಹ್ನ ನಮ್ಮ ಅಟೆಂಡರು ಡ್ರಾಯರು ತೆಗೆದು, “ಇದು ಯಾತಕ್ಕೂ ಸೇರಿದ ಹಾಗೆ ಕಾಣಲಿಲ್ಲ ಸಾರ್, ಕಳೆದುಹೋದೀತು ಅಂತ ಜೋಪಾನವಾಗಿ ಇಟ್ಟೆ” ಎಂದು ಟೊಪ್ಪಿಯನ್ನು ನನ್ನ ಅಂಗೈಗೆ ಹಾಕಿದರು. ಅವರ ಮುಖದಲ್ಲಿದ್ದ ಕರ್ತವ್ಯನಿಷ್ಠೆಗೆ ನಾನು ಬೈಯಲಾರದೆ ಹೋದೆ.

2000ದಲ್ಲಿ ಆ ಕಪ್ಪು ಹಾವನ್ನು ಕಿತ್ತು ಹಬ್ಬು ತಂದರು. ನಡುವೆ ಒಂದು ಪೆಟ್ಟಿಗೆ, ಅದರಿಂದ ಮೇಜು ಮೇಜಿಗೂ ಬೇರೆ ಬೇರೆ ವೈರು. ಹೆಸರು ಇಂಗ್ಲಿಷಿನದಾದರೂ ಕಸುಬು ಅಚ್ಚಕನ್ನಡದ್ದು: ಸುದ್ದಿ ಹಬ್ಬಿಸುವುದು. ಒಂದು ತೂತಿನಿಂದ ಬಂದ ಮಾತನ್ನು ಅದು ಯಾರಿಗೆ, ಯಾಕೆ ಎಂದು ನೋಡದೆ ಉಳಿದೆಲ್ಲ ತೂತಿಗೂ ಊದಿಬಿಡುತ್ತಿತ್ತು.

ನನಗೆ ಇದು ಒಡನೆಯೇ ಅರ್ಥವಾಯಿತು, ಏಕೆಂದರೆ ನಾನು ವಠಾರದಲ್ಲಿ ಬೆಳೆದವನು. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಎಂಟು ಮನೆ, ಒಂದು ನಲ್ಲಿ. ಮೊದಲ ಮನೆಯಲ್ಲಿ ನಮ್ಮಮ್ಮ “ಅಯ್ಯೋ, ಕಾಫಿಪುಡಿ ಮುಗಿದೇಹೋಯ್ತು” ಎಂದು ತನಗೆ ತಾನೇ ಹೇಳಿಕೊಂಡರೆ ಎಂಟನೆಯ ಮನೆಯ ಮಾಮಿ ಲೋಟದಲ್ಲಿ ಪುಡಿ ಹಿಡಿದು ಹೊಸ್ತಿಲಿಗೆ ಬಂದಿರುತ್ತಿದ್ದರು. ಯಾರ ಮನೆಯ ಯಜಮಾನರು ರಾತ್ರಿ ಎಷ್ಟು ಹೊತ್ತಿಗೆ ಬಂದರು, ಬಂದ ಮೇಲೆ ಊಟ ಮಾಡಿದರೋ ಬೈಸಿಕೊಂಡರೋ, ಯಾರ ಹುಡುಗ ಗಣಿತದಲ್ಲಿ ಎಷ್ಟು ತೆಗೆದ, ಎಲ್ಲವೂ ಎಂಟೂ ಮನೆಗೆ ಒಟ್ಟಿಗೇ ಕೇಳಿಸುತ್ತಿತ್ತು. ಕೇಳಿಸಿದರೂ ತಮ್ಮ ಹೆಸರಿಲ್ಲದ ಮಾತಿಗೆ ಕಿವುಡರಾಗಿರುವುದು ವಠಾರದ ಮರ್ಯಾದೆ. ಹಬ್ಬಿಗೆ ಜೋಡಿಸಿದ ಕಂಪ್ಯೂಟರುಗಳೂ ಹೀಗೇ. ಎಲ್ಲದಕ್ಕೂ ಎಲ್ಲ ಬರುತ್ತದೆ. ತನ್ನ ವಿಳಾಸವಿದ್ದರೆ ತೆಗೆದುಕೊಳ್ಳುತ್ತದೆ, ಇಲ್ಲದಿದ್ದರೆ ಬಿಸಾಡುತ್ತದೆ. ಮರ್ಯಾದೆ ಬಿಟ್ಟು ಕದ್ದು ಕೇಳುತ್ತೇನೆಂದರೆ ಅದಕ್ಕೂ ದಾರಿಯಿತ್ತು. ವಠಾರದಲ್ಲಿ ಆ ಕೆಲಸಕ್ಕೆ ಐದನೆಯ ಮನೆಯ ಅಜ್ಜಿ ಇದ್ದರು.

ಎಲ್ಲರೂ ಒಂದೇ ಗಾಳಿಯಲ್ಲಿ ಮಾತಾಡಿದರೆ ಮಾತಿಗೆ ಮಾತು ಡಿಕ್ಕಿ ಹೊಡೆಯದೆ ಇರುತ್ತದೆಯೆ? ಅದಕ್ಕೊಂದು ಶಿಷ್ಟಾಚಾರವಿತ್ತು. ಮೊದಲು ಕಿವಿಗೊಡು. ಯಾರೂ ಮಾತಾಡುತ್ತಿಲ್ಲವೆಂದರೆ ಬಾಯಿ ತೆರೆ. ಇಬ್ಬರೂ ಒಟ್ಟಿಗೆ ತೆರೆದರೆ ಇಬ್ಬರೂ ಸುಮ್ಮನಾಗಿ, ಒಬ್ಬೊಬ್ಬರೂ ಮನಸ್ಸಿಗೆ ಬಂದಷ್ಟು ಹೊತ್ತು ಕಾದು, ಮತ್ತೆ ಶುರುಮಾಡಿ. ಮತ್ತೂ ಡಿಕ್ಕಿಯಾದರೆ ಕಾಯುವ ಗಡುವು ಇಮ್ಮಡಿ. 16 ಸಲವೂ ಸೋತರೆ ಆ ಮಾತನ್ನೇ ಕೈಬಿಡಿ. ವಠಾರದ ಮಾಮಿಯರಿಗೆ ಉಳಿದ ನಿಯಮಗಳೆಲ್ಲ ಗೊತ್ತಿದ್ದವು. ಕೊನೆಯದೊಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಶಿಷ್ಟಾಚಾರದ ಬೇರು ಹವಾಯಿ ದ್ವೀಪಗಳಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ದ್ವೀಪದಿಂದ ದ್ವೀಪಕ್ಕೆ ರೇಡಿಯೊ ಮೂಲಕ ಕಂಪ್ಯೂಟರುಗಳನ್ನು ಮಾತಿಗೆ ಹಚ್ಚಿದರು. ಹೆಸರು ಅಲೋಹಾ. ಬೇಕೆನಿಸಿದಾಗ ಕೂಗು, ಉತ್ತರ ಬಾರದಿದ್ದರೆ ಸ್ವಲ್ಪ ಕಾದು ಮತ್ತೆ ಕೂಗು ಎಂಬುದು ಅವರ ದಾರಿ. ಅದನ್ನು ಓದಿಕೊಂಡು ತಿದ್ದಿದವರು ಕ್ಯಾಲಿಫೋರ್ನಿಯಾದ ಝೆರಾಕ್ಸ್ ಸಂಶೋಧನಾ ಕೇಂದ್ರದ ರಾಬರ್ಟ್ ಮೆಟ್‌ಕಾಫ್. 1973ರ ಮೇ 22ರಂದು ಅವರು ಬರೆದ ಟಿಪ್ಪಣಿಯಲ್ಲಿ ಈಥರ್‌ನೆಟ್ ಎಂಬ ಹೆಸರು ಹುಟ್ಟಿತು. ಬೆಳಕು ಹರಿದಾಡಲು ಜಗತ್ತಿನ ತುಂಬ ಈಥರ್ ಎಂಬುದೊಂದು ತುಂಬಿದೆ ಎಂದು ಹಳೆಯ ವಿಜ್ಞಾನಿಗಳು ನಂಬಿದ್ದರು. 1887ರಲ್ಲಿ ಮೈಕಲ್ಸನ್ ಮತ್ತು ಮಾರ್ಲೆ ಹುಡುಕಿ ನೋಡಿದರೆ ಅದರ ಸುಳಿವೇ ಇಲ್ಲ. ಇಲ್ಲದ್ದರ ಹೆಸರನ್ನು ಮೆಟ್‌ಕಾಫ್ ಇದ್ದ ವೈರಿಗೆ ಇಟ್ಟರು. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಸಂಪಿಗೆ ಹುಡುಕಿದವರಿಗೆ ಇದೇನೂ ವಿಚಿತ್ರವೆನಿಸದು.

ನಮ್ಮ ಹಬ್ಬಿನ ಮುಂಭಾಗದಲ್ಲಿ ಡಿಕ್ಕಿಗೆಂದೇ ಬೇರೆ ದೀಪವಿತ್ತು. ಉಳಿದ ದಿನ ಆಗೊಮ್ಮೆ ಈಗೊಮ್ಮೆ ಕಣ್ಣು ಮಿಟುಕಿಸುತ್ತಿದ್ದದ್ದು ಮಾರ್ಚ್ 31ರಂದು ಬಿಟ್ಟ ಕಣ್ಣು ಬಿಟ್ಟಂತೆ ಉರಿಯುತ್ತಿತ್ತು. ಅದನ್ನು ನೋಡಿ ಮ್ಯಾನೇಜರು, “ಇವತ್ತು ಕೆಲಸ ಜೋರಾಗಿ ನಡೀತಿದೆ” ಎಂದು ತೃಪ್ತಿಪಡುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ.

2003ರಲ್ಲಿ ಹಬ್ಬು ಹೋಗಿ ಸ್ವಿಚ್ಚು ಬಂತು. ಬಂತು ಎಂದು ಸಲೀಸಾಗಿ ಹೇಳಿಬಿಟ್ಟೆ. ಬರಲು ಮೂರು ತಿಂಗಳಾಯಿತು. ‘ಸ್ವಿಚ್, ಒಂದು’ ಎಂದು ಬರೆದು ಕಳಿಸಿದ ಅಂದಾಜು ಪಟ್ಟಿ ಮೇಲಿನ ಕಚೇರಿಯಿಂದ ಕೆಂಪು ಶಾಯಿಯಲ್ಲಿ ಮಿಂದು ಬಂತು. ಪೇಟೆಯಲ್ಲಿ ಒಳ್ಳೆಯ ಸ್ವಿಚ್ಚು ಹದಿನೈದು ರೂಪಾಯಿಗೆ ಸಿಗುವಾಗ ಸಾವಿರಗಟ್ಟಲೆ ಏಕೆ, ಸಮಜಾಯಿಷಿ ನೀಡತಕ್ಕದ್ದು. ನಾನು ಎರಡು ಪುಟದ ಸಮಜಾಯಿಷಿ ಬರೆದೆ. ದೀಪದ ಸ್ವಿಚ್ಚು ದಾರಿ ತೆರೆಯುತ್ತದೆ, ಇಲ್ಲವೆ ಮುಚ್ಚುತ್ತದೆ, ಅಷ್ಟೇ ಅದರ ವಿದ್ಯೆ. ಇದು ಯಾರ ಮಾತು ಯಾರಿಗೆಂದು ನೋಡಿ ಅವರಿಬ್ಬರಿಗಷ್ಟೇ ದಾರಿ ಕೂಡಿಸುತ್ತದೆ. ಟೆಲಿಫೋನ್ ಎಕ್ಸ್‌ಚೇಂಜನ್ನೂ ಬಲ್ಲವರು ಸ್ವಿಚ್ಚೆಂದೇ ಕರೆಯುವುದು. 1986ರಲ್ಲಿ ಸಿ-ಡಾಟ್ ಸಂಸ್ಥೆ ತನ್ನ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜನ್ನು ಮೊಟ್ಟಮೊದಲು ಸ್ಥಾಪಿಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಚೆನ್ನಮ್ಮನ ಹೆಸರು ಬಂದ ಮೇಲೆ ಕಪ್ಪ ಕೇಳಲು ಹೆದರಿದರೋ ಏನೋ, ಮಂಜೂರಾತಿ ಬಂತು. ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟಾಗ ಮ್ಯಾನೇಜರು ಅದನ್ನು ನಾಲ್ಕೂ ಕಡೆ ತಿರುಗಿಸಿ, “ಎಲ್ಲಾ ಸರಿ, ಇದರ ಸ್ವಿಚ್ಚೆಲ್ಲಿದೆ ರೀ?” ಎಂದರು. ಇರಲಿಲ್ಲ. ಇಂಥ ಡಬ್ಬಿಗಳಿಗೆ ಸಾಮಾನ್ಯವಾಗಿ ಆನ್ ಆಫ್ ಗುಂಡಿಯೇ ಇರುವುದಿಲ್ಲ. ಅವರು ನನ್ನನ್ನು ನೋಡಿದ ನೋಟದಲ್ಲಿ ಮೇಲಿನ ಕಚೇರಿಯ ಕೆಂಪು ಶಾಯಿಯಿತ್ತು.

ಇದರ ಕೆಲಸ ನೋಡುತ್ತ ಕೂತರೆ ನನಗೆ ನಮ್ಮೂರಿಗೆ ಹೊಸದಾಗಿ ವರ್ಗವಾಗಿ ಬಂದ ಪೋಸ್ಟ್‌ಮ್ಯಾನ್ ನೆನಪಾಗುತ್ತಾನೆ. ಬಂದ ದಿನ ಅವನಿಗೆ ಯಾರ ಮನೆಯೂ ಗೊತ್ತಿಲ್ಲ. ಸ್ವಿಚ್ಚಿಗೂ ಅಷ್ಟೇ, ಇವರು ಇಂಥ ತೂತಿನಲ್ಲಿದ್ದಾರೆಂದು ಯಾರೂ ಅದಕ್ಕೆ ಪಟ್ಟಿ ಕೊಡುವುದಿಲ್ಲ. ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಕೆತ್ತಿಕೊಟ್ಟ ಒಂದು ಮ್ಯಾಕ್ ವಿಳಾಸವಿರುತ್ತದೆ. 48 ಬಿಟ್ಟಿನದು, ಮೊದಲರ್ಧ ತಯಾರಿಸಿದ ಕಂಪನಿಯದು, ಉಳಿದರ್ಧ ಆ ಯಂತ್ರದ್ದೇ, ಮನೆತನದ ಹೆಸರಿಗೆ ಸ್ವಂತ ಹೆಸರು ಸೇರಿಸಿದ ಹಾಗೆ. ಒಟ್ಟು ಸುಮಾರು 281 ಲಕ್ಷ ಕೋಟಿ ಹೆಸರು ಇಡಬಹುದು. ಕ್ಯಾಷ್ ಕೌಂಟರಿನಿಂದ ಮ್ಯಾನೇಜರಿಗೆ ಒಂದು ಪೊಟ್ಟಣ ಹೊರಟಿತೆನ್ನಿ. ಅದರ ಮೇಲೆ ಎರಡು ವಿಳಾಸ: ಯಾರಿಗೆ, ಯಾರಿಂದ. ನಾವಾದರೆ ‘ಯಾರಿಗೆ’ ಎಂಬುದನ್ನು ಮೊದಲು ನೋಡುತ್ತೇವೆ. ಸ್ವಿಚ್ಚು ಪಾಠ ಕಲಿಯುವುದು ‘ಯಾರಿಂದ’ ಎಂಬುದನ್ನು ಓದಿ. ಓಹೋ, ಕ್ಯಾಷಿಯರು ಮೂರನೆಯ ತೂತಿನಲ್ಲಿದ್ದಾರೆ ಎಂದು ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ‘ಯಾರಿಗೆ’. ಮ್ಯಾನೇಜರ ಮನೆ ಗೊತ್ತಿಲ್ಲ. ಗೊತ್ತಿಲ್ಲವೆಂದು ಪೊಟ್ಟಣವನ್ನು ತಿರುಗಿ ಕಳಿಸುವುದಿಲ್ಲ. ಬಂದ ಬಾಗಿಲೊಂದನ್ನು ಬಿಟ್ಟು ಉಳಿದೆಲ್ಲ ಬಾಗಿಲಿಗೂ ಒಂದೊಂದು ನಕಲು ಹಾಕುತ್ತದೆ, ಹಳೆಯ ಹಬ್ಬಿನ ಹಾಗೆ. ಮ್ಯಾನೇಜರು ಉತ್ತರಿಸಿದರೆ ಆ ಉತ್ತರದ ಮೇಲಿನ ‘ಯಾರಿಂದ’ ನೋಡಿ ಅವರ ಬಾಗಿಲನ್ನೂ ಗುರುತು ಹಾಕಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅವರಿಬ್ಬರ ಮಾತು ಮೂರನೆಯವರಿಗೆ ಕೇಳಿಸದು.

ಅಂದರೆ, ಮಾತಾಡಿದವರನ್ನು ಮಾತ್ರ ಅದು ಬಲ್ಲದು. ಬಾಯಿ ಬಿಡದೆ ಮೂಲೆಯಲ್ಲಿ ಕೂತವನು ಅದರ ಪಾಲಿಗೆ ಇಲ್ಲ. ಒಮ್ಮೆ ಬಲ್ಲವರನ್ನೂ ಸಾಮಾನ್ಯವಾಗಿ 300 ಸೆಕೆಂಡು, ಅಂದರೆ ಐದು ನಿಮಿಷ ಸದ್ದಿಲ್ಲದಿದ್ದರೆ ಪಟ್ಟಿಯಿಂದ ಒರೆಸಿಬಿಡುತ್ತದೆ. ಇದರಲ್ಲಿ ಕ್ರೌರ್ಯವೇನಿಲ್ಲ; ಮನುಷ್ಯರು ಮೇಜು ಬದಲಿಸುತ್ತಾರೆ, ವರ್ಗವಾಗುತ್ತಾರೆ, ಹಳೆಯ ಬಾಗಿಲನ್ನೇ ತಟ್ಟುತ್ತ ನಿಂತರೆ ಆಗುತ್ತದೆಯೆ? ಆದರೂ ಐದು ನಿಮಿಷ ತೀರಾ ಕಡಿಮೆಯಾಯಿತು ಎಂದು ನನಗೆ ಅನ್ನಿಸುತ್ತಿತ್ತು. ಸರಿ, ಮರೆತವರಿಗೆ ಮತ್ತೆ ಪತ್ರ ಬಂದರೆ ಮತ್ತೆ ಎಲ್ಲ ಬಾಗಿಲನ್ನೂ ತಟ್ಟಿ ಹುಡುಕುತ್ತದಲ್ಲ, ಆ ಗುಣ ನಮ್ಮ ಎಷ್ಟು ನೆಂಟರಿಗಿದೆ?

ಡಿಕ್ಕಿಯ ದೀಪ ಹೊಸ ಡಬ್ಬಿಯಲ್ಲಿರಲಿಲ್ಲ. ಪ್ರತಿ ವೈರಿನಲ್ಲೂ ಹೋಗುವುದಕ್ಕೊಂದು, ಬರುವುದಕ್ಕೊಂದು ದಾರಿ. ಯಾರೂ ಯಾರಿಗೂ ಕಾಯಬೇಕಿಲ್ಲ. ಕೆಲಸ ಹೂವೆತ್ತಿದಷ್ಟು ಹಗುರಾಯಿತು. ಅದೇ ವರ್ಷ ಶಾಖೆಯಲ್ಲಿ ಮೇಜು ಮೇಜಿನ ನಡುವೆ ಗಾಜಿನ ಗೋಡೆ ಎಬ್ಬಿಸಿದರು. ಎದುರಿನ ಮೇಜಿನವರು ನಕ್ಕದ್ದು ಕಾಣುತ್ತಿತ್ತು, ಯಾಕೆ ನಕ್ಕರೆಂದು ಕೇಳುತ್ತಿರಲಿಲ್ಲ.

ಮೊಟ್ಟಮೊದಲು ಇಂಥ ಹಲವು ತೂತಿನ ಈಥರ್‌ನೆಟ್ ಸ್ವಿಚ್ಚನ್ನು 1990ರಲ್ಲಿ ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ಕೇಳಿದರೆ ನೀವು ನಗುತ್ತೀರಿ: ಕಲ್ಪನಾ. ಅದನ್ನು ಕಟ್ಟಿದವರಲ್ಲೊಬ್ಬರಾದ ಭಾರತ ಮೂಲದ ವಿನೋದ್ ಭಾರದ್ವಾಜ್ ತಮ್ಮ ಹೆಂಡತಿಯ ಹೆಸರನ್ನೇ ಕಂಪನಿಗೆ ಇಟ್ಟರು. ಆ ಮೊದಲ ಸ್ವಿಚ್ಚಿಗೆ ಏಳು ತೂತು. 1994ರಲ್ಲಿ ಸಿಸ್ಕೊ ಕಂಪನಿ ಕಲ್ಪನಾವನ್ನು ಕೊಂಡುಕೊಂಡಿತು. ಈ ಕಥೆಯನ್ನು ನಾನು ಮನೆಯಲ್ಲಿ ಹೇಳಿದ ದಿನ ನನ್ನ ಹೆಂಡತಿ ಮೊದಲ ಬಾರಿಗೆ ಕಾಫಿಯ ನೆಪ ಮಾಡದೆ ಕೂತು ಕೇಳಿದಳು. ‘ಮಿನುಗುತಾರೆ’ ಕಲ್ಪನಾ ನಟಿಸಿದ ‘ಶರಪಂಜರ’ ಸಿನಿಮಾವನ್ನು ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ. ಟೀವಿ ಹಿಂದಿನ ಡಬ್ಬಿಯನ್ನು ಬಗ್ಗಿ ನೋಡಿ, “ಕಲ್ಪನಾ ಅಂದಮೇಲೆ ಮಿನುಗಲೇಬೇಕಲ್ಲ” ಎಂದಳು. ಅಂದಿನಿಂದ ಅದು ಮಿನುಗುತಾರೆ. ಹೆಂಡತಿಯ ಹೆಸರಿನಲ್ಲಿ ಕಂಪನಿ ಕಟ್ಟಿದ ಗಂಡಸರೂ ಇದ್ದಾರೆ ಎಂಬ ಮಾತೂ ಅಂದಿನಿಂದಲೇ ಆಗಾಗ ಬರುತ್ತಿದೆ.

ಶಾಖೆಯ ಸ್ವಿಚ್ಚು ಒಂದೇ ಒಂದು ಸಲ ಕೈಕೊಟ್ಟಿತು. ಅದರದ್ದೇನೂ ತಪ್ಪಿಲ್ಲ. ಬೆಳಿಗ್ಗೆ ಗುಡಿಸುವಾಕೆ, ಒಂದು ತುದಿ ಸ್ವಿಚ್ಚಿನಲ್ಲಿದ್ದು ಇನ್ನೊಂದು ತುದಿ ನೆಲಕ್ಕೆ ಇಳಿಬಿದ್ದಿದ್ದ ವೈರನ್ನು ನೋಡಿ, ಪಾಪ, ಕಾಲಿಗೆ ತೊಡರೀತೆಂದು ಎತ್ತಿ ಖಾಲಿ ಇದ್ದ ಪಕ್ಕದ ತೂತಿಗೆ ಸಿಕ್ಕಿಸಿದ್ದಳು. ಚೊಕ್ಕ ಕೆಲಸ. ಹತ್ತು ನಿಮಿಷದಲ್ಲಿ ಶಾಖೆ ಮಲಗಿತು. ಕೆಲವು ಮಾತು ಎಲ್ಲರಿಗೂ ಎಂದೇ ಹೊರಡುತ್ತವೆ: “ಈ ನಂಬರಿನವರು ಯಾರಪ್ಪಾ?” ಎಂಬಂಥ ಕೂಗು. ಸ್ವಿಚ್ಚು ಅದನ್ನು ಎಲ್ಲ ತೂತಿಗೂ ಕಳಿಸಲೇಬೇಕು. ಆರನೆಯ ತೂತಿನಿಂದ ಹೊರಟದ್ದು ಆ ವೈರಿನಲ್ಲಿ ಸುತ್ತಿ ಐದನೆಯದರಿಂದ ಒಳಗೆ ಬಂತು. ಹೊಸ ಕೂಗೆಂದು ತಿಳಿದು ಮತ್ತೆ ಎಲ್ಲರಿಗೂ ಕಳಿಸಿತು. ಅದು ಮತ್ತೆ ಸುತ್ತಿ ಬಂತು. ಸೆಕೆಂಡಿಗೆ ಸಾವಿರಾರು ಸಲ. ದೀಪಗಳೆಲ್ಲ ಜಾತ್ರೆಯ ತೇರಿನ ಸರದೀಪದ ಹಾಗೆ ಕುಣಿಯುತ್ತಿವೆ, ಒಳಗೆ ಸುತ್ತುತ್ತಿರುವುದು ಮಾತ್ರ ಒಬ್ಬನ ಒಂದೇ ಮಾತು. ಇದಕ್ಕೆ ಬ್ರಾಡ್‌ಕಾಸ್ಟ್ ಸ್ಟಾರ್ಮ್ ಎನ್ನುತ್ತಾರೆ.

ಇದಕ್ಕೆ ಮದ್ದು ಅರೆದವರು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ, 1985ರಲ್ಲಿ, ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದಾಗ. ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಬ್ಬನನ್ನು ಬೇರೆಂದು ಒಪ್ಪಿ, ಎಲ್ಲೆಲ್ಲಿ ಸುತ್ತು ಬೀಳುತ್ತದೋ ಅಲ್ಲಿ ಒಂದು ದಾರಿಯನ್ನು ಮುಚ್ಚಿ, ಒಟ್ಟು ಜಾಲವನ್ನು ಕೊಂಬೆಗೆ ಕೊಂಬೆ ಕೂಡದ ಮರವನ್ನಾಗಿ ಮಾಡಿಕೊಳ್ಳುವ ಉಪಾಯ. ಒಂದೇ ರಾತ್ರಿಯಲ್ಲಿ ಹೊಳೆದದ್ದೆಂದು ಆಕೆಯೇ ಹೇಳಿಕೊಂಡಿದ್ದಾರೆ. ಹೊಳೆದ ಖುಷಿಗೆ ಅದರ ಮೇಲೆ ಒಂದು ಪದ್ಯವನ್ನೂ ಬರೆದರು, ‘ಆಲ್ಗೊರೈಮ್’ ಎಂದು. ಬ್ಯಾಂಕಿನ ಸುತ್ತೋಲೆಗಳನ್ನೂ ಪದ್ಯದಲ್ಲಿ ಬರೆಯುವಂತಿದ್ದರೆ ನಾನು ಇನ್ನಷ್ಟು ಓದಿರುತ್ತಿದ್ದೆ. ಆದರೆ ಈ ಮದ್ದು ದೊಡ್ಡ ಸ್ವಿಚ್ಚುಗಳಿಗೆ; ನಮ್ಮ ಶಾಖೆಯಲ್ಲಿದ್ದಂಥ, ನಮ್ಮ ಮನೆಯಲ್ಲಿರುವಂಥ ಅಗ್ಗದ ಡಬ್ಬಿಗಳಿಗೆ ಸಾಮಾನ್ಯವಾಗಿ ಹಾಕಿರುವುದಿಲ್ಲ.

ಒಮ್ಮೆ ಬೆಂಗಳೂರಿಗೆ ಹೋದಾಗ ವಠಾರ ನೋಡಿ ಬರೋಣವೆಂದು ಚಾಮರಾಜಪೇಟೆಗೆ ಹೋದೆ. ಅಲ್ಲಿ ಐದಂತಸ್ತಿನ ಅಪಾರ್ಟ್‌ಮೆಂಟು ಎದ್ದಿತ್ತು. ವಾಚ್‌ಮನ್ನು ರಿಜಿಸ್ಟರು ಮುಂದೆ ತಳ್ಳಿದ: ಯಾರಿಂದ, ಯಾರಿಗೆ. ಎಂಟನೆಯ ಮನೆಯ ಮಾಮಿಯ ಮಗಳು ಅಲ್ಲೇ ಒಂದು ಫ್ಲ್ಯಾಟು ಹಿಡಿದಿದ್ದಾಳೆಂದು ಕೇಳಿದ್ದೆ. ಅವನು ಇಂಟರ್‌ಕಾಮಿನಲ್ಲಿ ಅವಳಿಗೊಬ್ಬಳಿಗೇ ಕೇಳುವಂತೆ ವಿಚಾರಿಸಿ, ಲಿಫ್ಟಿಗೆ ಹತ್ತಿಸಿ, ನೇರ ಅವಳ ಬಾಗಿಲಿಗೇ ಕಳಿಸಿದ. ನಡುವೆ ಒಬ್ಬರ ಮುಖವೂ ಕಾಣಲಿಲ್ಲ. ಕಾಫಿ ಅವಳ ಅಮ್ಮನ ಕೈಯದ್ದೇ. ಪಕ್ಕದ ಮನೆಯವರು ಯಾರೆಂದು ಕೇಳಿದೆ. “ಗೊತ್ತಿಲ್ಲ ಕಣೋ. ಒಳ್ಳೆಯವರು, ಸದ್ದೇ ಇಲ್ಲ” ಎಂದಳು.

2006ರಲ್ಲಿ ಮನೆ ಕಟ್ಟಿಸುವಾಗ ನಾನು ಹಟ ಹಿಡಿದು ಪ್ರತಿ ಕೋಣೆಗೂ ಗೋಡೆಯೊಳಗೆ ನೆಟ್‌ವರ್ಕ್ ವೈರು ಎಳೆಸಿದೆ. ಗಾರೆಯವರು, “ಇದರಲ್ಲಿ ಕರೆಂಟೂ ಬರಲ್ಲ, ನೀರೂ ಬರಲ್ಲ, ಮತ್ತೇನು ಸ್ವಾಮೀ?” ಎಂದು ಬೀಡಿ ಹಚ್ಚಿದರು. ವೈರಿನ ತುದಿಗಳಿಗೆ ನಾನೇ ಕ್ರಿಂಪಿಂಗ್ ಮಾಡಿದೆ. ಎಂಟು ಎಳೆ, ಬಣ್ಣದ ಕ್ರಮ ತಪ್ಪಬಾರದು: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಮಗ್ಗಿಯಂತೆ ಗುನುಗುತ್ತ ಮಾಡುತ್ತಿದ್ದೆ. ಆಗಿನ್ನೂ ಇದ್ದ ನಮ್ಮಮ್ಮ, ಮಗನಿಗೆ ಕೊನೆಗೂ ದೇವರ ಮೇಲೆ ಭಕ್ತಿ ಬಂತೆಂದು ತಿಳಿದಿದ್ದರು. ಡಬ್ಬಿಯ ಮೇಲೆ ಬ್ಯಾಂಕಿನ ಲೆಡ್ಜರು ಚೀಟಿ ಕತ್ತರಿಸಿ ಅಂಟಿಸಿದೆ. ಒಂದಕ್ಕೆ ‘ಇಂಟರ್ನೆಟ್’, ಎರಡಕ್ಕೆ ‘ಟೀವಿ’, ಮೂರಕ್ಕೆ ‘ನನ್ನದು’, ಐದಕ್ಕೆ ‘ಮಗಳು’, ಆರಕ್ಕೆ ‘ಮಗ’. ರಾತ್ರಿ ನೀರು ಕುಡಿಯಲು ಎದ್ದರೆ ಐದು, ಆರು ದಡಬಡನೆ ಮಿನುಗುತ್ತಿದ್ದವು. “ಮಲಗ್ರೋ” ಎಂದು ಇಲ್ಲಿಂದಲೇ ಕೂಗಿದರೆ ಕೋಣೆಯ ದೀಪ ಆರುತ್ತಿತ್ತು, ಡಬ್ಬಿಯ ದೀಪ ಆರುತ್ತಿರಲಿಲ್ಲ. ಮಕ್ಕಳ ಎಷ್ಟೋ ಸುಳ್ಳು ನನಗೆ ಗೊತ್ತಾದದ್ದು ಈ ಡಬ್ಬಿಯಿಂದ.

ಮಗಳು ಮದುವೆಯಾಗಿ ಪುಣೆಗೆ ಹೋದಳು. ಮಗ ಟೊರಾಂಟೊದಲ್ಲಿದ್ದಾನೆ. ಭಾನುವಾರ ವಿಡಿಯೊದಲ್ಲಿ ಬರುತ್ತಾರೆ. ಒಮ್ಮೆ ಇಬ್ಬರೂ ಒಟ್ಟಿಗೆ ಬಂದು ಮಾತಿಗೆ ಮಾತು ಡಿಕ್ಕಿ ಹೊಡೆದು, “ನೀನು ಹೇಳು”, “ಇಲ್ಲ, ನೀನೇ ಹೇಳು” ಎಂದು ಸುಮ್ಮನಾಗಿ, ಮತ್ತೆ ಒಟ್ಟಿಗೇ ಶುರುಮಾಡಿದರು. ನನಗೆ ಬಹಳ ಸಂತೋಷವಾಯಿತು. ಕಾರಣ ಹೇಳಿದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಮನೆಗೆ ಬಣ್ಣ ಬಳಿಸುವಾಗ ಆ ಎರಡು ಕೋಣೆಯ ವೈರು ಕಳಚಿ ಸುತ್ತಿಟ್ಟೆ. ಮಗ ಬಂದರೆ ಲ್ಯಾಪ್‌ಟಾಪಿಗೆ ನೇರವಾಗಿ ಹಾಕಿಕೊಳ್ಳಲಿ ಎಂದು ಆರನೆಯ ತೂತಿಗೆ ಒಂದು ಗಿಡ್ಡ ವೈರು ಸಿಕ್ಕಿಸಿ ಇಳಿಬಿಟ್ಟಿದ್ದೆ. ಬಂದ, ಹದಿನೈದು ದಿನ ಇದ್ದ, ಅದನ್ನು ಮುಟ್ಟಲಿಲ್ಲ. ವೈಫೈ ಇದೆಯಲ್ಲ.

ಮೊನ್ನೆ ಗೌರಿಹಬ್ಬಕ್ಕೆ ಮುಂಚೆ ಹೆಂಡತಿ ಮನೆಯ ಜೇಡ ತೆಗೆದಳು. ಸಂಜೆ ದಣಿದು ಕೂತು ಟೀವಿಯಲ್ಲಿ ಮತ್ತೆ ‘ಶರಪಂಜರ’ ಹಾಕಿಕೊಂಡಳು. ನಾನು ಪೇಪರು ಹುಡುಕುತ್ತ ಸ್ಟ್ಯಾಂಡಿನ ಹಿಂದೆ ಬಗ್ಗಿದೆ. ಡಬ್ಬಿ ಜಗಜಗಿಸುತ್ತಿತ್ತು. ಇಂಟರ್ನೆಟ್, ಟೀವಿ, ನನ್ನದು, ಮತ್ತೆ ‘ಮಗಳು’, ‘ಮಗ’, ಎಲ್ಲ ಒಂದೇ ಸಮನೆ ಮಿನುಗುತ್ತಿದ್ದವು. ಎಷ್ಟೋ ವರ್ಷದ ಮೇಲೆ. ನಾನು ಕೋಣೆಗಳ ಕಡೆ ತಿರುಗಿಯೂ ನೋಡಿಬಿಟ್ಟೆ. ಬಾಗಿಲು ಮುಚ್ಚಿದ್ದವು, ಚಿಲಕದ ಮೇಲೆ ಒಗೆದ ಟವೆಲು.

ಆಮೇಲೆ ವೈರು ಕಾಣಿಸಿತು. ಆರರಿಂದ ಇಳಿಬಿದ್ದಿದ್ದನ್ನು ಅವಳು ಎತ್ತಿ, ಚೊಕ್ಕವಾಗಿ, ಐದಕ್ಕೆ ಸಿಕ್ಕಿಸಿದ್ದಳು.

“ರೀ, ಕಲ್ಪನಾ ನಿಂತುಬಿಟ್ಟಳು. ಗಾಲಿ ಹಾಗೆ ಏನೋ ಸುತ್ತುತ್ತಾ ಇದೆ” ಎಂದು ಮುಂದಿನಿಂದ ಕೂಗಿದಳು.

“ಕಂಡಿತು ಕಣೇ” ಎಂದೆ. “ಒಂದು ನಿಮಿಷ ಇರು, ತೆಗೀತೀನಿ.”